ಬೇಗದ ಸಾಲು

ಜೂನ್ ೩, ಸೋಮವಾರ

ಕೊನೆಗೂ ನಮ್ಮ ವಿಮಾನ ನಿಲ್ದಾಣದಲ್ಲಿ ಬೇಗದ ಸಾಲು ಇಂದು ಶುರುವಾಯಿತು. ಅದರ ನಿಜವಾದ ಹೆಸರು ಉದ್ದವಿದೆ: ‘ನಿರಂತರ ಪ್ರಯಾಣಿಕರ ಆದ್ಯತಾ ತಪಾಸಣಾ ಪಥ’. ಫಲಕ ಬರೆದವನು ಅಷ್ಟು ಅಕ್ಷರ ಹಿಡಿಸಲಾರದೆ ‘ಪಥ’ವನ್ನು ಕೆಳಗಿನ ಸಾಲಿಗೆ ತಳ್ಳಿದ್ದಾನೆ. ನೆಲಕ್ಕೆ ನೀಲಿ ಜಮಖಾನೆ ಹಾಸಿದ್ದಾರೆ. ಮಾಮೂಲಿ ಸಾಲಿನವರಿಗೆ ಬರೀ ನೆಲ.

ಟರ್ಮಿನಲ್ ಮ್ಯಾನೇಜರು ರಿಬ್ಬನ್ ಕತ್ತರಿಸಿ ನಾಲ್ಕು ಮಾತಾಡಿದರು. “ಇವರೆಲ್ಲ ವಾರ ವಾರ ಹಾರೋರು. ಎಷ್ಟು ಸಲ ಇವರ ಜೇಬು ನೋಡಿದೀವಿ. ಇನ್ನೂ ನೋಡೋಕೆ ಏನು ಉಳಿದಿದೆ?” ಎಂದರು. ಕತ್ತರಿ ಒಳಗೆ ತರುವಂತಿಲ್ಲವಾದ್ದರಿಂದ ರಿಬ್ಬನ್ ಕತ್ತರಿಸಿದ್ದು ತಪಾಸಣೆಯಲ್ಲಿ ನಾವು ಯಾರೋ ಪ್ರಯಾಣಿಕರ ಬ್ಯಾಗಿನಿಂದ ಕಿತ್ತಿಟ್ಟಿದ್ದ ಕತ್ತರಿಯಿಂದ.

ಈ ಸಾಲು ಬೇಕೆಂದು ಮೀಟಿಂಗಿನಲ್ಲಿ ಗಟ್ಟಿಯಾಗಿ ವಾದಿಸಿದ್ದವಳು ನಾನೇ. ವಾರ ವಾರ ಹಾರುವವರಿಗೆ ಶೂ ಎಲ್ಲಿಡಬೇಕು, ಬೆಲ್ಟು ಯಾವಾಗ ಬಿಚ್ಚಬೇಕು ಎಂದು ಗೊತ್ತಿರುತ್ತದೆ. ವರ್ಷಕ್ಕೊಮ್ಮೆ ಬರುವವರು ಟ್ರೇಯಲ್ಲಿ ಬ್ಯಾಗಿಡುತ್ತಾರೆ, ಫೋನ್ ಮರೆಯುತ್ತಾರೆ, ಲೋಹ ಪತ್ತೆಯ ಬಾಗಿಲು ಕಿರುಚಿದ ಮೇಲೆ ಬೀಗದ ಕೈ ನೆನಪಿಸಿಕೊಳ್ಳುತ್ತಾರೆ, ಆಮೇಲೆ ಅಮ್ಮನನ್ನು ಕರೆಯುತ್ತಾರೆ. ಎರಡು ಜಾತಿಯವರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುವುದು ಯಾವ ನ್ಯಾಯ? ಹೀಗೆಂದು ಹೇಳಿದ್ದಕ್ಕೆ ಮ್ಯಾನೇಜರು ನೀಲಿ ಜಮಖಾನೆಯ ಮೇಲ್ವಿಚಾರಣೆಯನ್ನು ನನಗೇ ವಹಿಸಿದರು. ಎಕ್ಸ್‌ರೇ ಪರದೆಯ ಮುಂದೆ ದುರ್ಬೀನು ಕೂತಿರುತ್ತಾಳೆ. ಜೇಬಿನಲ್ಲಿ ಮಡಿಸಿಟ್ಟ ಚಾಕಲೇಟ್ ಕಾಗದವನ್ನೂ ಕಂಡುಹಿಡಿಯುವವಳಾದ್ದರಿಂದ ಅವಳಿಗೆ ಆ ಹೆಸರು.

ನಮ್ಮ ಯಜಮಾನರೂ ಇವತ್ತು ಬಂದರು. ಇವರು ಲಿಫ್ಟ್ ತಪಾಸಣೆ ಮಾಡುವವರು. ಊರೂರಿಗೆ ಹಾರಿ, ಅಲ್ಲಿನ ಕಟ್ಟಡಗಳ ಲಿಫ್ಟಿನಲ್ಲಿ ಮೇಲೆ ಕೆಳಗೆ ಓಡಾಡಿ, ಹಗ್ಗ ಗಟ್ಟಿಯಿದೆ ಎಂದು ಸಹಿ ಹಾಕಿ ಬರುವುದು ಇವರ ಕೆಲಸ. ಸೋಮವಾರ ಹೋಗುತ್ತಾರೆ, ಬುಧವಾರ ಬರುತ್ತಾರೆ, ಗುರುವಾರ ಮತ್ತೆ ಹೋಗುತ್ತಾರೆ. ಇವರು ಮನೆ ಸೇರುವಾಗ ನಾನು ನಿದ್ದೆಯಲ್ಲಿರುತ್ತೇನೆ, ನಾನು ಕೆಲಸಕ್ಕೆ ಹೊರಡುವಾಗ ಇವರು. ಹಾಗಾಗಿ ಇಷ್ಟು ದಿನ ನಮ್ಮ ಸಂಸಾರದ ಮಾತೆಲ್ಲ ಆಗುತ್ತಿದ್ದುದು ಮಾಮೂಲಿ ಸಾಲಿನಲ್ಲಿ. ಆ ಸಾಲು ಹಗ್ಗಗಳ ನಡುವೆ ಹಾವಿನ ಹಾಗೆ ತಿರುಗಿ ತಿರುಗಿ ಬರುತ್ತದೆ. ಒಂದೊಂದು ತಿರುವಿನಲ್ಲೂ ಇವರು ನನ್ನ ಮುಂದೆ ಹಾದುಹೋಗುತ್ತಿದ್ದರು, ಒಂದೊಂದು ಮಾತು. “ನಲ್ಲಿ ಸೋರ್ತಿದೆ.” ಹೋದರು. ಮತ್ತೆ ಬಂದರು. “ಪ್ಲಂಬರಿಗೆ ಹೇಳಿದೀನಿ.” ಹೋದರು. “ನಿನ್ನ ತಮ್ಮ ಫೋನ್ ಮಾಡಿದ್ದ.” ನಡುವೆ ಬೇರೆಯವರ ಬ್ಯಾಗು, ಬೂಟು, ಮಗು.

ಇವತ್ತು ಇವರು ನೀಲಿ ಜಮಖಾನೆ ಮೇಲೆ ಕಾಲಿಟ್ಟರು, ಟ್ರೇ ಇಟ್ಟರು, ಟ್ರೇ ಎತ್ತಿಕೊಂಡರು, ಹೋದರು. ನೋಡಿ ಹೆಮ್ಮೆಯಾಯಿತು. ವ್ಯವಸ್ಥೆ ಎಂದರೆ ಹೀಗಿರಬೇಕು.

ಮನೆಗೆ ಬಂದಾಗ ಅತ್ತೆ ಕೇಳಿದರು. “ಏನಂದ ಅವನು?”

“ಏನೂ ಇಲ್ಲ ಅತ್ತೆ. ಬೇಗ ಹೋದರು.”

“ನಲ್ಲಿ ವಿಷಯ?”

ನಲ್ಲಿ ವಿಷಯ ಕೇಳಲಾಗಿರಲಿಲ್ಲ.

ಜೂನ್ ೬, ಗುರುವಾರ

ಬೇಗದ ಸಾಲಿನವರನ್ನೂ ಆಗಾಗ ಯಾರನ್ನಾದರೂ ಆರಿಸಿ ಬ್ಯಾಗ್ ಬಿಚ್ಚಿಸಬೇಕೆಂದು ನಿಯಮವಿದೆ. ಯಾರನ್ನು ಆರಿಸಬೇಕು ಎಂಬುದು ಮೇಲ್ವಿಚಾರಕಿಯ ವಿವೇಚನೆಗೆ ಬಿಟ್ಟದ್ದು. ಇಂದು ನನ್ನ ವಿವೇಚನೆ ಇವರ ಮೇಲೆ ಬಿತ್ತು. ಗಂಡನೆಂದು ಬಿಟ್ಟುಬಿಟ್ಟರೆ ನಾಳೆ ಜನ ಆಡಿಕೊಳ್ಳುತ್ತಾರೆ.

ಪಕ್ಕದ ಮೇಜಿಗೆ ಕರೆದು ನಿಯಮದ ಪ್ರಕಾರ ಕೇಳಿದೆ.

“ಈ ಬ್ಯಾಗ್ ನೀವೇ ತುಂಬಿದ್ದಾ?”

“ಇಲ್ಲ. ನನ್ನ ಹೆಂಡತಿ.”

“ಅವರ ಮೇಲೆ ನಂಬಿಕೆ ಇದೆಯಾ?”

ಇವರು ಸ್ವಲ್ಪ ಯೋಚಿಸಿದರು. “ಸಾಕ್ಸ್ ವಿಷಯದಲ್ಲಿ ಇಲ್ಲ.”

ತೆಗೆದು ನೋಡಿದರೆ ನಿಜ. ಒಂದು ಕಪ್ಪು, ಒಂದು ಕಡು ನೀಲಿ. ಕತ್ತಲಲ್ಲಿ ಜೋಡಿಸಿದ್ದು. ಮೇಜಿನ ಮೇಲಿನ ಬೆಳಕಿನಲ್ಲಿ ಎಲ್ಲವನ್ನೂ ಮತ್ತೆ ಮಡಿಸಿದೆ. ಅಷ್ಟರಲ್ಲಿ ನಲ್ಲಿಯ ವಿಷಯವೂ ತೀರ್ಮಾನವಾಯಿತು.

ಇವರನ್ನೊಬ್ಬರನ್ನೇ ನಿಲ್ಲಿಸಿದರೆ ಪಕ್ಷಪಾತವಾಗುತ್ತದೆಂದು ಹಿಂದೆ ನಿಂತಿದ್ದವರ ಬ್ಯಾಗನ್ನೂ ಬಿಚ್ಚಿಸಿದೆ. ಅವರು ಮಾತು ಮಾತಿಗೂ ಕೈಗಡಿಯಾರ ನೋಡಿಕೊಳ್ಳುವ ಕನ್ಸಲ್ಟೆಂಟು. ನಾವು ಗಡಿಯಾರ ಸಾಹೇಬರು ಎನ್ನುತ್ತೇವೆ. ಕಂಪನಿಗಳಿಗೆ ಹೋಗಿ ಹೊತ್ತು ಉಳಿಸುವುದು ಹೇಗೆಂದು ಹೇಳಿಕೊಡುವುದು ಅವರ ಕೆಲಸವಂತೆ. ಅವರ ಬ್ಯಾಗಿನಲ್ಲಿ ಇನ್ನೂ ಎರಡು ಗಡಿಯಾರಗಳಿದ್ದವು.

ಜೂನ್ ೧೦, ಸೋಮವಾರ

ಇವರು ಬುದ್ಧಿ ಎಲ್ಲಿಟ್ಟಿದ್ದಾರೋ ದೇವರಿಗೇ ಗೊತ್ತು. ಇಷ್ಟು ವರ್ಷ ಹಾರಿದ ಮೇಲೂ ಬ್ಯಾಗಿನಲ್ಲಿ ತುಂಬಿದ ನೀರಿನ ಬಾಟಲಿ. ಇವತ್ತೂ ನಾನು ವಿವೇಚನೆ ಬಳಸಬೇಕೆಂದು ಕೈ ಎತ್ತುವಷ್ಟರಲ್ಲಿ ದುರ್ಬೀನು ಯಂತ್ರದ ಬೆಲ್ಟ್ ನಿಲ್ಲಿಸಿ, “ಅಕ್ಕಾ, ನಿಮ್ಮವರ ಬ್ಯಾಗಲ್ಲಿ ನೀರು” ಎಂದಳು. ಮರ್ಯಾದೆ ಹೋಯಿತು.

ನಿಯಮದಂತೆ ನೀರನ್ನು ಚೆಲ್ಲಬೇಕು, ಇಲ್ಲವೇ ಅಲ್ಲೇ ಕುಡಿಯಬೇಕು. ಇವರು ಕುಡಿಯುತ್ತೇನೆ ಎಂದರು. ಕುಡಿಯುವ ರೀತಿಯೋ, ಬಿಸಿ ಟೀ ಕುಡಿದ ಹಾಗೆ ಗುಟುಕು ಗುಟುಕಾಗಿ. ಗುಟುಕುಗಳ ನಡುವೆ ಹೋದ ವಾರ ನೋಡಿದ ಒಂದು ಲಿಫ್ಟಿನ ಕಥೆ ಹೇಳಿದರು. ಆ ಕಟ್ಟಡದಲ್ಲಿ ನಾಲ್ಕನೇ ಮಹಡಿಯ ಗುಂಡಿ ಒತ್ತಿದರೆ ಆರನೆಯದಕ್ಕೆ ಹೋಗುತ್ತಂತೆ. ನಾಲ್ಕನೆಯ ಮಹಡಿಯವರೆಲ್ಲ ಆರಕ್ಕೆ ಹೋಗಿ ಎರಡು ಮಹಡಿ ಇಳಿದು ಬರುವುದು ಎಷ್ಟೋ ವರ್ಷಗಳಿಂದ ರೂಢಿಯಾಗಿದೆ. ಸರಿ ಮಾಡುತ್ತೇನೆಂದು ಇವರು ಹೇಳಿದರೆ ಬೇಡ ಎಂದರಂತೆ. ಆರನೇ ಮಹಡಿಯ ಅಜ್ಜಿಗೆ ದಿನವೂ ಎಲ್ಲರೂ ಬಾಗಿಲಲ್ಲಿ ಸಿಗುತ್ತಾರಂತೆ.

ಗಡಿಯಾರ ಸಾಹೇಬರು ಹಿಂದಿನಿಂದ, “ಬಾಟಲಿ ಇನ್ನೂ ಅರ್ಧ ಇದೆ” ಎಂದು ಗೊಣಗಿದರು. ಅವರ ಬ್ಯಾಗನ್ನೂ ಬಿಚ್ಚಿಸಿದೆ.

ಜೂನ್ ೧೩, ಗುರುವಾರ

ಮತ್ತೆ ನೀರು. ಮೈಮೇಲೆ ಪ್ರಜ್ಞೆಯೇ ಇಲ್ಲ.

ಅತ್ತೆಗೆ ಆರನೇ ಮಹಡಿಯ ಅಜ್ಜಿಯ ಕಥೆ ಹೇಳಿದೆ. ಇನ್ನೊಂದು ಸಲ ಹೇಳು ಎಂದರು.

ಜೂನ್ ೧೭, ಸೋಮವಾರ

ಇಂದು ಜಾಮ್. ಗಾಜಿನ ಬಾಟಲಿ, ದೊಡ್ಡದು, ಬಾಯಿಯವರೆಗೂ ತುಂಬಿದ್ದು. ಜಾಮ್ ದ್ರವವೇ ಘನವೇ ಎಂದು ದುರ್ಬೀನಿಗೆ ಅನುಮಾನ ಬಂತು. ಬಾಟಲಿಯನ್ನು ಓರೆ ಮಾಡಿ ನೋಡಿದೆವು. ನಿಧಾನಕ್ಕೆ ಜಾರಿತು. ದ್ರವ ಎಂದು ತೀರ್ಮಾನಿಸಿದೆವು.

“ಇಲ್ಲೇ ತಿಂದು ಮುಗಿಸಬಹುದಾ?” ಎಂದರು ಇವರು.

“ಜಾಮ್ ಬಗ್ಗೆ ನಿಯಮದಲ್ಲಿ ಹೇಳಿಲ್ಲ.”

“ಹೇಳಿಲ್ಲ ಅಂದ್ರೆ ತಿನ್ನಬಹುದು ಅಂತಾಯ್ತು.”

ಚಮಚವನ್ನೂ ತಂದಿದ್ದರು. ಇಂಥ ವಿಷಯಕ್ಕೆ ಮಾತ್ರ ಮುಂದಾಲೋಚನೆ. ಮೂರು ಚಮಚ ತಿನ್ನುವಷ್ಟರಲ್ಲಿ ಮುಖ ಹುಳ್ಳಗಾಗುವ ಬದಲು ಸಿಹಿಯಿಂದ ಕಿವುಚಿಕೊಂಡಿತು. ಉಳಿದದ್ದನ್ನು ದುರ್ಬೀನು ಹಂಚಿದಳು. ಗಡಿಯಾರ ಸಾಹೇಬರಿಗೂ ಒಂದು ಚಮಚ ಕೊಡಹೋದರೆ, ನಾನು ತಿನ್ನೋಕೆ ಬಂದಿಲ್ಲ ಎಂದರು. ಬ್ಯಾಗ್ ಬಿಚ್ಚಿಸಿದೆ.

ಜೂನ್ ೧೮, ಮಂಗಳವಾರ

ಈ ದಿನ ಮಾಮೂಲಿ ಸಾಲಿನಲ್ಲಿ ಒಬ್ಬ ಮನುಷ್ಯ ಬಂದ. ಮೊದಲ ಸಲ ಹಾರುತ್ತಿರುವವನು. ತಂಗಿಗೆ ಮಗು ಹುಟ್ಟಿದೆ, ನೋಡಲು ಹೊರಟಿದ್ದೇನೆ ಎಂದು ಕೇಳದವರಿಗೂ ಹೇಳುತ್ತಿದ್ದ. ಎಲ್ಲ ಬಿಚ್ಚಬೇಕಾಗುತ್ತದೆ ಎಂದು ಯಾರೋ ಅವನನ್ನು ಹೆದರಿಸಿದ್ದರಂತೆ. ಆದ್ದರಿಂದ ಕಾರಿನಿಂದ ಇಳಿದಲ್ಲಿಯೇ ಶೂ, ಬೆಲ್ಟು, ಕೋಟು, ಉಂಗುರ ಎಲ್ಲ ಬಿಚ್ಚಿ ಒಂದು ಪಾರದರ್ಶಕ ಚೀಲಕ್ಕೆ ಹಾಕಿಕೊಂಡು, ಒಂದು ಕೈಯಲ್ಲಿ ಪ್ಯಾಂಟ್ ಹಿಡಿದುಕೊಂಡು ಬರಿಗಾಲಿನಲ್ಲಿ ಇಡೀ ಸಾಲು ಬಂದ. ಬಾಗಿಲಿನೊಳಗೆ ಗಾಳಿಯ ಹಾಗೆ ಹಾದುಹೋದ. ಯಂತ್ರ ಚಕಾರವೆತ್ತಲಿಲ್ಲ.

ಅದೇ ಹೊತ್ತಿಗೆ ನೀಲಿ ಜಮಖಾನೆ ಮೇಲೆ ಒಬ್ಬ ನಿರಂತರ ಪ್ರಯಾಣಿಕರು ಲ್ಯಾಪ್‌ಟಾಪ್ ಹೊರಗೆ ತೆಗೆಯಬೇಕೇ ಬೇಡವೇ ಎಂದು ನನ್ನ ಜೊತೆ ಚರ್ಚೆಗಿಳಿದಿದ್ದರು. ಬೇರೆ ಊರಿನಲ್ಲಿ ತೆಗೆಸುವುದಿಲ್ಲವಂತೆ. ಆ ಊರಿಗೇ ಹೋಗಿ ಎನ್ನಬೇಕೆಂದುಕೊಂಡೆ. ಅಲ್ಲಿಗೇ ಹೊರಟಿದ್ದರು.

ಒಂದು ಉದಾಹರಣೆಯಿಂದ ಏನೂ ಸಾಬೀತಾಗುವುದಿಲ್ಲ. ಬರೆದಿಟ್ಟಿದ್ದೇನೆ ಅಷ್ಟೆ.

ಜೂನ್ ೨೦, ಗುರುವಾರ

ಕುಕ್ಕರ್.

ಪರದೆಯಲ್ಲಿ ಅದರ ಆಕಾರ ಕಂಡಾಗ ದುರ್ಬೀನು ಎದ್ದು ನಿಂತಳು. ನಾನು ಎಲ್ಲರನ್ನೂ ಹಿಂದಕ್ಕೆ ಸರಿಸಿ, ಕೈಗವಸು ಹಾಕಿಕೊಂಡು ಜಿಪ್ ಎಳೆದರೆ ನಮ್ಮ ಮನೆಯದೇ ಕುಕ್ಕರ್. ಹಿಡಿಯಲ್ಲಿ ನಾನು ಸುಟ್ಟುಕೊಂಡ ದಿನದ ಕಪ್ಪು ಕಲೆ ಹಾಗೇ ಇದೆ.

“ಇದು ಯಾಕೆ?”

“ಅದರ ರಬ್ಬರ್ ಹೋಗಿದೆ ಅಂತಿದ್ಯಲ್ಲ. ಅಲ್ಲಿ ಒಳ್ಳೇ ರಬ್ಬರ್ ಸಿಗುತ್ತಂತೆ.”

“ರಬ್ಬರ್ ತರೋಕೆ ಕುಕ್ಕರ್ ತಗೊಂಡು ಹೋಗ್ತಾರೇನ್ರೀ?”

“ಅಳತೆಗೆ.”

ಕುಕ್ಕರ್ ನಿಷೇಧಿತ ವಸ್ತುವಲ್ಲ. ಆದರೆ ನಿಷೇಧಿತವಲ್ಲ ಎಂದು ಖಚಿತಪಡಿಸಿಕೊಳ್ಳಲು ಮುಚ್ಚಳ ತೆಗೆದು, ಸೀಟಿ ಬಿಚ್ಚಿ, ಹಿಡಿ ಅಲ್ಲಾಡಿಸಿ ನೋಡಬೇಕಾಯಿತು. ಇವರು ಪಕ್ಕದಲ್ಲಿ ನಿಂತು ಯಾವ ಸ್ಕ್ರೂ ಎಲ್ಲಿಯದೆಂದು ವಿವರಿಸಿದರು. ಲಿಫ್ಟೂ ಕುಕ್ಕರೂ ಒಂದೇ, ಎರಡರಲ್ಲೂ ಮುಖ್ಯವಾದದ್ದು ಒತ್ತಡ ಎಂದರು. ನನಗೆ ಹಾಗನ್ನಿಸಲಿಲ್ಲ, ಅದನ್ನೂ ಹೇಳಿದೆ. ವಾದವಾಯಿತು. ಮದುವೆಯಾದ ಹೊಸತರಲ್ಲಿ ಹೀಗೆಯೇ ಕೆಲಸಕ್ಕೆ ಬಾರದ ವಿಷಯಕ್ಕೆ ವಾದ ಮಾಡುತ್ತಿದ್ದೆವು.

ಗಡಿಯಾರ ಸಾಹೇಬರ ಮುಖ ಕೆಂಪಗಾಗಿತ್ತು. ಇಂದು ಅವರಾಗಿಯೇ ಬ್ಯಾಗ್ ಬಿಚ್ಚಿಟ್ಟುಕೊಂಡು ಕಾಯುತ್ತಿದ್ದರು.

ಜೂನ್ ೨೧, ಶುಕ್ರವಾರ

ಮನೆಯಲ್ಲಿ ಕುಕ್ಕರ್ ಇಲ್ಲ. ಅತ್ತೆ ಬೆಳಿಗ್ಗೆಯಿಂದ ಗೊಣಗುತ್ತಿದ್ದಾರೆ. ನಾನು ಬಚ್ಚಲು ಮನೆಯ ಬಾಗಿಲು ತಟ್ಟಿ ನನಗೆ ಡ್ಯೂಟಿಗೆ ಹೊತ್ತಾಯಿತು ಎಂದಾಗ ಒಳಗಿನಿಂದಲೇ ಜವಾಬು ಬಂತು.

“ಹೆಚ್ಚು ಸಲ ಬಂದು ಹೋಗೋರಿಗೆ ಮೊದಲು ಬಿಡಬೇಕು ಅಂತ ನೀನೇ ತಾನೆ ರೂಲ್ಸ್ ಮಾಡಿದ್ದು? ಈ ಮನೇಲಿ ಎಲ್ಲರಿಗಿಂತ ಹೆಚ್ಚು ಸಲ ಇಲ್ಲಿಗೆ ಬರೋಳು ನಾನು.”

“ಹೆಚ್ಚು ಸಲ ಬರೋರು ಬೇಗ ಮುಗಿಸ್ತಾರೆ ಅಂತ ಅತ್ತೆ ಆ ರೂಲ್ಸು.”

“ಹಾಗಂತ ಯಾರು ಹೇಳಿದ್ರು ನಿನಗೆ?”

ಹಾಗಂತ ಹೇಳಿದ್ದೂ ನಾನೇ.

ಜೂನ್ ೨೪, ಸೋಮವಾರ

ಬೇಗದ ಸಾಲಿಗೆ ಕಾಲಿಡಲು ಜಾಗವಿಲ್ಲ. ಮ್ಯಾನೇಜರು ಉತ್ಸಾಹದಲ್ಲಿ ಸಿಕ್ಕ ಸಿಕ್ಕವರಿಗೆ ಈ ಸಾಲಿನ ಕಾರ್ಡ್ ಕೊಟ್ಟುಬಿಟ್ಟಿದ್ದಾರೆ. ನೀಲಿ ಜಮಖಾನೆ ಮುಗಿದು ಸಾಲು ಪುಸ್ತಕದ ಅಂಗಡಿ ದಾಟಿ ಶೌಚಾಲಯದವರೆಗೆ ಹೋಗಿತ್ತು. ಅಲ್ಲಿ ಶೌಚಾಲಯದ ಸಾಲಿಗೆ ಕೂಡಿಕೊಂಡು, ಯಾರು ಯಾತಕ್ಕೆ ನಿಂತಿದ್ದಾರೆಂದು ತಿಳಿಯದೆ ಒಂದಿಬ್ಬರು ಬಾಯಿ ಮಾಡಿದರಂತೆ.

ಪಕ್ಕದಲ್ಲೇ ಮಾಮೂಲಿ ಸಾಲು ಖಾಲಿ ಹೊಡೆಯುತ್ತಿತ್ತು. ನಾನು ಕೈಮುಗಿದು ಹೇಳಿದೆ, ಆ ಕಡೆ ಬನ್ನಿ, ಈಗಲೇ ಬಿಡ್ತಾರೆ ಎಂದು. ಒಬ್ಬರೂ ಕದಲಲಿಲ್ಲ. ಗಡಿಯಾರ ಸಾಹೇಬರನ್ನು ಹೆಸರು ಹಿಡಿದೇ ಕರೆದೆ.

“ನೋಡಿ ಮೇಡಂ, ನಾನು ಈ ಸಾಲನ್ನ ಸಂಪಾದನೆ ಮಾಡಿದೀನಿ. ಆ ಕಡೆ ಹೋದರೆ ನೋಡಿದವರು ಏನಂದುಕೊಳ್ತಾರೆ?” ಎಂದು ಗಡಿಯಾರ ನೋಡಿಕೊಂಡರು. ಅವರ ವಿಮಾನ ಹಾರಿಹೋಗಿ ಆಗಲೇ ಹೊತ್ತಾಗಿತ್ತು.

ಮ್ಯಾನೇಜರು ಓಡಿ ಬಂದು ಪರಿಸ್ಥಿತಿ ನೋಡಿ, ಬೇಗದ ಸಾಲಿನೊಳಗೆ ಇನ್ನೊಂದು ‘ಅತಿ ಬೇಗದ ಸಾಲು’ ಮಾಡಲು ಹೇಳಿದರು. ಅದಕ್ಕೆ ಕೆಂಪು ಜಮಖಾನೆ. ಮಧ್ಯಾಹ್ನದ ಹೊತ್ತಿಗೆ ಅದೂ ತುಂಬಿತು.

ಇವರು ಈ ದಿನ ಕಾರ್ಡ್ ಹಿಡಿದುಕೊಂಡು ಆ ಉದ್ದದ ಸಾಲಿನ ಕೊನೆಯಲ್ಲಿ ನಿಂತಿದ್ದರು. ಬ್ಯಾಗಿನಲ್ಲಿ ಶಾಂಪೂ. ಅದನ್ನು ಕುಡಿಯುವಂತಿಲ್ಲ, ತಿನ್ನುವಂತಿಲ್ಲ. ಪ್ರಯಾಣಿಕರು ಹೆಚ್ಚಿದ್ದರಿಂದ ಮಾತಾಡಲಾಗಲಿಲ್ಲ. ಹಣೆಯ ಹತ್ತಿರ ಕೂದಲು ಬೆಳ್ಳಗಾಗಿರುವುದು ಕಂಡಿತು. ಯಾವಾಗ ಆಯಿತೋ.

ಜೂನ್ ೨೮, ಶುಕ್ರವಾರ

ಮೈಯೆಲ್ಲ ಉರಿಯುತ್ತಿದೆ. ಇವರು ಅಪರೂಪಕ್ಕೆ ಸಂಜೆಯೇ ಮನೆಗೆ ಬಂದು ಹೇಳಿದ್ದು ಏನೆಂದರೆ, ಇವರ ಕಾರ್ಡಿನ ಅವಧಿ ಈ ತಿಂಗಳಿಗೆ ಮುಗಿಯುತ್ತದಂತೆ. ಲೆಕ್ಕಕ್ಕೆ ಒಂದು ಹಾರಾಟ ಕಡಿಮೆಯಿದೆ, ಮುಂದುವರಿಯಬೇಕಾದರೆ ತಿಂಗಳೊಳಗೆ ಇನ್ನೊಂದು ಸಲ ಹಾರಬೇಕಂತೆ. ಆದ್ದರಿಂದ ಭಾನುವಾರ ಹಾರುತ್ತಾರಂತೆ.

“ಎಲ್ಲಿಗೆ?” ಎಂದೆ.

“ಎಲ್ಲಿಗಾದರೂ. ಹೋಗಿ ಬರೋದು.”

“ಏನು ಕೆಲಸಕ್ಕೆ?”

“ಹಾರೋ ಕೆಲಸಕ್ಕೆ.”

ಅತ್ತೆ ಟಿ.ವಿ. ಸದ್ದು ಕಡಿಮೆ ಮಾಡಿದರು.

“ವಾರದಲ್ಲಿ ಇಡೀ ದಿನ ಮನೇಲಿರೋದು ಒಂದು ಭಾನುವಾರ. ಸಾಲಲ್ಲಿ ನಿಲ್ಲೋ ಹೊತ್ತು ಉಳಿಸೋಕೆ ಆ ದಿನಾನೂ ಕಳೀತೀರಾ?”

“ಕಾರ್ಡ್ ಹೋದರೆ ಮತ್ತೆ ಆ ಮಾಮೂಲಿ ಸಾಲಿಗೆ ಹಾಕ್ತಾರೆ ಕಣೇ” ಎಂದರು ಇವರು. ಮಾಮೂಲಿ ಸಾಲು ಎನ್ನುವಾಗ ಮುಖ ಕಹಿ ಮಾತ್ರೆ ನುಂಗಿದ ಹಾಗಿತ್ತು.

ಆ ಸಾಲಿನಲ್ಲಿ ನಾವು ಅಷ್ಟು ವರ್ಷ ಏನು ಮಾಡಿದೆವು ಎಂದು ಕೇಳಬೇಕೆಂದುಕೊಂಡೆ. ಅದರ ಬದಲು, ಬ್ಯಾಗ್ ನೀವೇ ತುಂಬಿಕೊಳ್ಳಿ ಎಂದೆ.

ಜೂನ್ ೩೦, ಭಾನುವಾರ

ಹೋಗಿ ಬಂದರು. ಆ ಊರಿನಲ್ಲಿ ವಿಮಾನ ನಿಲ್ದಾಣದಿಂದ ಹೊರಗೇ ಬರಲಿಲ್ಲವಂತೆ. ಒಂದು ಬೆಂಚಿನ ಮೇಲೆ ಕೂತು ಸೇಬು ತಿಂದು ಅದೇ ವಿಮಾನದಲ್ಲಿ ವಾಪಸಾದರಂತೆ. ಗಗನಸಖಿ ಗುರುತು ಹಿಡಿದು, ಏನಾದರೂ ಮರೆತು ಹೋಗಿದ್ದಿರಾ ಎಂದಳಂತೆ.

ಇದನ್ನು ನಗು ಬರುವ ಹಾಗೆ ಹೇಳಿದರು. ನಾನು ಬಟ್ಟೆ ಮಡಿಸುತ್ತಿದ್ದೆ.

ಜುಲೈ ೧, ಸೋಮವಾರ

ದುರ್ಬೀನು ಬೆಲ್ಟ್ ನಿಲ್ಲಿಸಿದಳು. ನೀರಿನ ಬಾಟಲಿ. ತೆಗೆದು ಬುಟ್ಟಿಗೆ ಹಾಕಿದೆ. “ಮುಂದೆ ಹೋಗಿ” ಎಂದೆ.

ಇವರು ಅಲ್ಲೇ ನಿಂತಿದ್ದರು. “ಬ್ಯಾಗ್ ಪೂರ್ತಿ ನೋಡಲ್ವಾ?”

“ಅಗತ್ಯವಿಲ್ಲ ಸಾರ್. ಮುಂದೆ ಹೋಗಿ.”

ಸಾರ್ ಎಂದದ್ದು ನಿಯಮದ ಪ್ರಕಾರ ಸರಿಯೇ ಇದೆ.

ಸಾಲು ಇಂದು ಚೆನ್ನಾಗಿ ಓಡಿತು. ಮ್ಯಾನೇಜರು ಬಂದು ಭೇಷ್ ಎಂದರು. ಊಟದ ಡಬ್ಬಿ ಬಿಚ್ಚದೆ ವಾಪಸು ತಂದೆ.

ಜುಲೈ ೪, ಗುರುವಾರ

ಇವತ್ತೂ ಸಾಲು ಚೆನ್ನಾಗಿ ಓಡಿತು. ಗಡಿಯಾರ ಸಾಹೇಬರ ಬ್ಯಾಗ್ ಬಿಚ್ಚಿಸದೆ ಬಿಟ್ಟೆ. ಅವರು ಮೇಜಿನ ಹತ್ತಿರ ಹೋಗಿ, ಯಾರೂ ಬರದಿದ್ದುದನ್ನು ಕಂಡು, ತಬ್ಬಿಬ್ಬಾಗಿ ತಿರುಗಿ ಬಂದರು.

ಆದರೆ ಅವರು ಹೋದ ವಾರ ಕೊಟ್ಟಿದ್ದ ದೂರು ಇಂದು ಮ್ಯಾನೇಜರ ಮೇಜಿಗೆ ಬಂದಿದೆ. ಬೇಗದ ಸಾಲಿನಲ್ಲಿ ಒಬ್ಬನೇ ಪ್ರಯಾಣಿಕನನ್ನು ಪ್ರತಿ ಸಲವೂ ತಡೆದು ಸಾಲನ್ನು ನಿಧಾನ ಮಾಡಲಾಗುತ್ತಿದೆ, ಅವನು ಅಪಾಯಕಾರಿಯಾದರೆ ಬಂಧಿಸಬೇಕು, ಅಲ್ಲದಿದ್ದರೆ ಬಿಡಬೇಕು ಎಂದು. ಶನಿವಾರ ವಿಚಾರಣೆ. ಇವರಿಗೂ ಬುಲಾವು ಹೋಗಿದೆ.

“ಕೆಲಸ ಹೋಗಲ್ಲ ತಾನೆ?” ಎಂದರು ಅತ್ತೆ. ಹೋಗಲಾರದು ಎಂದೆ. ಹೋಗಬಹುದು.

ಜುಲೈ ೬, ಶನಿವಾರ

ಮ್ಯಾನೇಜರ ಕೋಣೆ ಚಿಕ್ಕದು. ಒಂದು ಕಡೆ ಗಡಿಯಾರ ಸಾಹೇಬರು, ಇನ್ನೊಂದು ಕಡೆ ನಾವಿಬ್ಬರು, ಮಧ್ಯೆ ಟಿ.ವಿ. ಕುರ್ಚಿ ಮೂರೇ ಇದ್ದುದರಿಂದ ಇವರು ನಿಂತಿದ್ದರು.

ಮ್ಯಾನೇಜರು ಕ್ಯಾಮೆರಾದ ಚಿತ್ರಗಳನ್ನು ಹಾಕಿದರು. ಅದಕ್ಕೆ ಧ್ವನಿಯಿಲ್ಲ. ನೀರು ಕುಡಿದ ದಿನ, ಜಾಮ್ ತಿಂದ ದಿನ, ಕುಕ್ಕರ್ ದಿನ, ಒಂದಾದ ಮೇಲೊಂದು ಬಂದವು. ಇವರು ಕೈ ತಿರುಗಿಸುತ್ತ ಏನೋ ಹೇಳುತ್ತಿದ್ದಾರೆ. ನಾನು ಕುಕ್ಕರಿನ ಮುಚ್ಚಳ ಹಿಡಿದುಕೊಂಡು ನಗುತ್ತಿದ್ದೇನೆ. ನಗುತ್ತಿದ್ದೆನೆಂದು ನನಗೆ ಗೊತ್ತಿರಲಿಲ್ಲ. ಕರ್ತವ್ಯದ ಮೇಲಿದ್ದೇನೆ ಎಂದುಕೊಂಡಿದ್ದೆ.

“ಅನುಮಾನಾಸ್ಪದ ವಸ್ತು ಸಿಕ್ಕಾಗ ಯಾರೂ ಹೀಗೆ ನಗಲ್ಲ. ಯಾರಿವರು ನಿಮಗೆ?” ಎಂದರು ಮ್ಯಾನೇಜರು.

“ನಮ್ಮ ಮನೆಯವರು.”

 ಮೊದಲ ದಿನ ಇವರನ್ನು ಆರಿಸಿದ್ದು ನಾನೇ, ತಪ್ಪಿದ್ದರೆ ನನ್ನದು ಎಂದು ಹೇಳಲು ಬಾಯಿ ತೆಗೆದೆ. ಅಷ್ಟರಲ್ಲಿ ಇವರು ಗಂಟಲು ಸರಿಮಾಡಿಕೊಂಡರು.

“ಇವಳದೇನೂ ಇಲ್ಲ ಸಾರ್. ಬಾಟಲಿ ಇಡ್ತಿದ್ದೋನು ನಾನೇ. ಬೇಕಂತಲೇ.”

“ಬೇಕಂತಲೇ? ಯಾಕ್ರೀ?”

“ಬಾಟಲಿ ಇದ್ದರೆ ನಿಲ್ಲಿಸ್ತಾರೆ.”

“ನಿಲ್ಲಿಸಿದರೆ?”

“ನಿಂತ್ಕೊಬಹುದು.”

ಮ್ಯಾನೇಜರು ತಲೆ ಕೆರೆದುಕೊಂಡರು. “ನಿಂತ್ಕೊಳ್ಳೋ ಆಸೆ ಇದ್ದರೆ ಮಾಮೂಲಿ ಸಾಲಿಗೆ ಹೋಗಬೇಕಿತ್ತಲ್ಲ. ಭಾನುವಾರ ಸುಮ್ಮನೆ ಹಾರಿ ಕಾರ್ಡ್ ಉಳಿಸಿಕೊಂಡಿದೀರಾ. ಇಲ್ಲಿ ದಾಖಲೆಯಲ್ಲಿ ಕಾಣ್ತಿದೆ.”

“ಇವಳನ್ನ ಬೇಗದ ಸಾಲಿಗೆ ಹಾಕಿದೀರಲ್ಲ ಸಾರ್. ಕಾರ್ಡ್ ಇಲ್ಲದಿದ್ದರೆ ಈ ಕಡೆ ಬಿಡೋದೇ ಇಲ್ಲ” ಎಂದರು ಇವರು. ನನ್ನ ಕಡೆ ನೋಡಲಿಲ್ಲ. ಗೋಡೆಯ ಮೇಲಿನ ವಿಮಾನದ ಚಿತ್ರ ನೋಡುತ್ತಿದ್ದರು.

ನಾನು ಮಡಿಲಲ್ಲಿದ್ದ ಟೋಪಿಯ ಅಂಚನ್ನು ತಿರುಗಿಸುತ್ತ ಕೂತೆ. ಆ ಭಾನುವಾರ ಬೆಂಚಿನ ಮೇಲೆ ಒಬ್ಬರೇ ಕೂತು ಸೇಬು ತಿಂದರಲ್ಲ ಎಂದು ಬೇಡದ ಹೊತ್ತಿನಲ್ಲಿ ನೆನಪಾಯಿತು. ಬ್ಯಾಗ್ ತುಂಬಿಕೊಟ್ಟಿದ್ದರೆ ಇನ್ನೇನಾದರೂ ಇಟ್ಟಿರುತ್ತಿದ್ದೆ.

ಆಗ ಗಡಿಯಾರ ಸಾಹೇಬರು ನಡುವೆ ಬಾಯಿ ಹಾಕಿದರು. “ಅದೆಲ್ಲ ಸರಿ. ನನ್ನ ಬ್ಯಾಗ್ ಯಾಕೆ ಬಿಚ್ಚಿಸಿದ್ದು? ನಾನೇನೂ ಇವರ ಗಂಡ ಅಲ್ಲವಲ್ಲ.”

“ಪಕ್ಷಪಾತ ಆಗಬಾರದು ಅಂತ” ಎಂದೆ.

ಅವರು ಅದನ್ನು ಮನಸ್ಸಿನಲ್ಲೇ ತೂಗಿ ನೋಡಿ, ನ್ಯಾಯವೇ ಎಂಬಂತೆ ತಲೆಯಾಡಿಸಿದರು. ಆಮೇಲೆ ಮೆಲ್ಲಗೆ ಇವರನ್ನು ಕೇಳಿದರು. “ಕುಕ್ಕರಿಗೆ ರಬ್ಬರ್ ಸಿಕ್ತಾ?”

“ಇಲ್ಲ. ಆ ಅಳತೇದು ಬರೋದು ನಿಂತುಹೋಗಿದೆಯಂತೆ.”

“ನಮ್ಮನೇಲೂ ಅದೇ ಕಥೆ” ಎಂದರು. ಇಷ್ಟು ದಿನಗಳಲ್ಲಿ ಮೊದಲ ಸಲ ಅವರಿಗೂ ಒಂದು ಮನೆಯಿದೆ ಎಂಬುದು ನನಗೆ ಹೊಳೆಯಿತು.

ಮ್ಯಾನೇಜರು ಬಹಳ ಹೊತ್ತು ನಿಯಮಾವಳಿ ತಿರುವಿ ತೀರ್ಪು ಕೊಟ್ಟರು. ಬೇಗದ ಸಾಲಿಗೆ ಪದೇ ಪದೇ ಹಾರುವವರು ಅರ್ಹರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಪದೇ ಪದೇ ಹಾರಿಯೂ ಬೇಗ ಹೋಗಲು ಮನಸ್ಸಿಲ್ಲದವರು ಹೇಗೆ ಅರ್ಹರಾಗುತ್ತಾರೆ? ಅದು ಜಮಖಾನೆಯ ದುರ್ಬಳಕೆ. ಆದ್ದರಿಂದ ಇವರ ಕಾರ್ಡ್ ರದ್ದು. ಸಂಬಂಧವನ್ನು ಮುಂಚೆಯೇ ತಿಳಿಸದ ನನಗೆ ಶಿಕ್ಷೆಯಾಗಿ, ಬೇಗದ ಸಾಲಿನಿಂದ ಮಾಮೂಲಿ ಸಾಲಿಗೆ ಹಿಂಬಡ್ತಿ. ಸೋಮವಾರದಿಂದಲೇ.

“ಇದು ನಿಮಗೆ ಪಾಠ ಆಗಬೇಕು” ಎಂದರು ನಮ್ಮಿಬ್ಬರಿಗೂ.

ಆಗಲಿ ಸಾರ್ ಎಂದೆವು.

ಜುಲೈ ೭, ಭಾನುವಾರ

ಹಿಂಬಡ್ತಿ ಎಂದರೆ ಹಿಂಬಡ್ತಿಯೇ. ನೀಲಿ ಜಮಖಾನೆ ಮೇಲೆ ನಿಂತವಳು ಬರೀ ನೆಲದ ಮೇಲೆ ನಿಲ್ಲಬೇಕು. ದುರ್ಬೀನಿನ ಜೊತೆಯೂ ತಪ್ಪಿತು. ನನಗೆ ಬೇಸರವಾಗಿದೆ.

ಬಟ್ಟೆ ಇಸ್ತ್ರಿ ಮಾಡುತ್ತ ಏನೋ ಗುನುಗುತ್ತಿದ್ದೆನಂತೆ. ಅತ್ತೆ ಬಂದು, ಮೈ ಹುಷಾರಿಲ್ಲವೇ ಎಂದು ಹಣೆ ಮುಟ್ಟಿ ನೋಡಿದರು. ವಿಚಾರಣೆಯ ಕಥೆ ಪೂರ್ತಿ ಕೇಳಿ ಇವರ ಕಡೆ ತಿರುಗಿದರು.

“ಅಲ್ಲವೋ, ಒಂದೇ ಮನೇಲಿದ್ದು ಹೆಂಡತಿ ಜೊತೆ ಮಾತಾಡೋಕೆ ವಿಮಾನ ನಿಲ್ದಾಣ ಬೇಕಾ ನಿನಗೆ?”

“ಮನೇಲಿ ನೀನು ಮಾತಾಡ್ತಿರ್ತೀಯಲ್ಲಮ್ಮ” ಎಂದರು ಇವರು.

ಅತ್ತೆ ಮುಖ ಊದಿಸಿಕೊಂಡು ಕೋಣೆಗೆ ಹೋದರು. ಸ್ವಲ್ಪ ಹೊತ್ತಿಗೆ ಬಾಗಿಲು ತೆರೆದು, ತಾವು ಪಕ್ಕದ ಮನೆಗೆ ಹೋಗಿ ಬರುವುದಾಗಿಯೂ ಸಂಜೆಯವರೆಗೆ ಬರುವುದಿಲ್ಲವೆಂದೂ ಹೇಳಿದರು. ಅವರು ಹೋದ ಮೇಲೆ ಇವರು ಸೋಫಾದಲ್ಲಿ ಕೂತರು. ನಾನು ಎದುರಿಗೆ ಕೂತೆ. ಇಬ್ಬರಿಗೂ ಎಲ್ಲಿಂದ ಶುರುಮಾಡಬೇಕೆಂದು ತಿಳಿಯಲಿಲ್ಲ. ಕೊನೆಗೆ ಇವರು ಎದ್ದು ಬಾಗಿಲಿನವರೆಗೆ ಹೋಗಿ ವಾಪಸು ಬಂದು, “ನಲ್ಲಿ ಮತ್ತೆ ಸೋರ್ತಿದೆ” ಎಂದರು. ಆಮೇಲೆ ಸುಲಭವಾಯಿತು.

ಜುಲೈ ೮, ಸೋಮವಾರ

ಮಾಮೂಲಿ ಸಾಲಿನಲ್ಲಿ ಕೆಲಸವೇ ಇಲ್ಲ. ಇಡೀ ಊರೇ ಕಾರ್ಡ್ ಮಾಡಿಸಿಕೊಂಡು ಆ ಕಡೆ ನಿಂತಿದೆ. ಅತಿ ಬೇಗದ ಸಾಲಿನವರು ನಮ್ಮನ್ನು ಹಗ್ಗದ ಆಚೆಯಿಂದ ಕನಿಕರದಿಂದ ನೋಡುತ್ತಾರೆ. ನನ್ನ ಕಡೆ ಬೆಳಿಗ್ಗೆಯಿಂದ ಬಂದವರು ಒಬ್ಬ ಪಿಟೀಲು ಮೇಷ್ಟ್ರು, ಒಬ್ಬ ಅಜ್ಜಿ, ಆಮೇಲೆ ಇವರು.

ಇವರ ಬ್ಯಾಗಿನಲ್ಲಿ ಏನೂ ಇರಲಿಲ್ಲ. ನೀರಿಲ್ಲ, ಜಾಮಿಲ್ಲ. ಸಾಕ್ಸ್ ಎರಡೂ ಒಂದೇ ಬಣ್ಣದವು. ಯಂತ್ರ ತುಟಿಪಿಟಕ್ಕೆನ್ನಲಿಲ್ಲ. ಹಿಂದೆ ಯಾರೂ ಇರಲಿಲ್ಲ, ಮುಂದೆ ಯಾರೂ ಇರಲಿಲ್ಲ. ತಪಾಸಣೆ ಮುಗಿದವರು ಶೂ ಹಾಕಿಕೊಳ್ಳಲು ನನ್ನ ಮೇಜಿನ ಪಕ್ಕ ಒಂದು ಬೆಂಚಿದೆ. ಇವರು ಅದರ ಮೇಲೆ ಕೂತು ಒಂದು ಶೂ ಹಾಕಿಕೊಂಡರು. ಇನ್ನೊಂದನ್ನು ಕೈಯಲ್ಲಿ ಹಿಡಿದುಕೊಂಡು, ತಾವು ಈ ಕೆಲಸ ಬಿಟ್ಟು ಊರಿನೊಳಗಿನ ಲಿಫ್ಟುಗಳನ್ನೇ ನೋಡಿಕೊಂಡಿದ್ದರೆ ಹೇಗೆ ಎಂದು ಕೇಳಿದರು. ಈ ಊರಿನಲ್ಲಿ ಅಷ್ಟೊಂದು ಲಿಫ್ಟುಗಳಿವೆಯೇ ಎಂದೆ. ಬೆರಳು ಮಡಿಸಿ ಎಣಿಸತೊಡಗಿದರು. ಆಸ್ಪತ್ರೆಯದು, ಬ್ಯಾಂಕಿನದು, ನಿನ್ನ ತಮ್ಮನ ಆಫೀಸಿನದು. ಗ್ರಂಥಾಲಯದ್ದು ಬಿಟ್ಟಿರಿ ಎಂದೆ. ಗ್ರಂಥಾಲಯದ್ದು ಕೆಟ್ಟು ನಿಂತಿದೆ ಎಂದರು. ಹಾಗಾದರೆ ಮೊದಲು ಅದನ್ನೇ ಹಿಡಿಯಿರಿ ಎಂದೆ.

ಅಷ್ಟರಲ್ಲಿ ಮೇಲಿನ ಸ್ಪೀಕರ್ ಗರಗರ ಎಂದಿತು. ನಮ್ಮ ನಿಲ್ದಾಣದ ಸ್ಪೀಕರಿನಲ್ಲಿ ಎಲ್ಲ ಹೆಸರುಗಳೂ ಒಂದೇ ಥರ ಕೇಳಿಸುತ್ತವೆ. ಯಾರೋ ಒಬ್ಬ ಪ್ರಯಾಣಿಕರು ಇನ್ನೂ ವಿಮಾನ ಹತ್ತಿಲ್ಲ, ಉಳಿದವರೆಲ್ಲ ಕಾಯುತ್ತಿದ್ದಾರೆ, ಇದು ಕೊನೆಯ ಕರೆ.

ಇವರು ತಲೆ ಎತ್ತಿ ಕೇಳಿದರು. “ಪಾಪ, ಯಾರೋ ಏನೋ. ಎಲ್ಲಿ ಸಿಕ್ಕಿಕೊಂಡಿದಾನೋ.”

“ಇಂಥವರಿಂದಲೇ ವಿಮಾನ ತಡ ಆಗೋದು. ನೀವು ಹೇಳಿ, ಗ್ರಂಥಾಲಯದ್ದಕ್ಕೆ ಏನಾಗಿದೆ?” ಎಂದೆ.

ಹಗ್ಗ ಸವೆದಿದೆ ಎಂದು ಶುರುಮಾಡಿದರು.